ಡ್ಯಾಶ್ ಕ್ಲ್ಯಾಂಪ್ ಕೊನೆಗೆ ಬಿಗಿಯಾಗಲಿ: ಹಳೇ ಜೀಪಿನ ಸ್ಟೇರಿಂಗ್ ಕಾಲಮ್ ರಿಪೇರಿ

ಹಳೇ ಜೀಪಿನ ಸ್ಟೇರಿಂಗ್ ಹಿಡಿದು ಅಲ್ಲಾಡಿಸಿ 'ಏನಣ್ಣ, ಇಷ್ಟೊಂದು ಆಟ ಐತಲ್ಲ?' ಅಂದರೆ ಮಂಡ್ಯದ ಯಾವ ಗ್ಯಾರೇಜಿನಲ್ಲೂ ಬರುವ ಉತ್ತರ ಒಂದೇ: 'ಜೀಪಲ್ವಾ ಸಾರ್, ಒಸಿ ಆಟ ಇರ್ಬೇಕು.' ಇರಬೇಕು, ನಿಜ. ಆದರೆ ವೀಲಿನ (ಕೈಯಲ್ಲಿ ಹಿಡಿಯುವ ಸ್ಟೇರಿಂಗ್ ವೀಲಿನ) ಅಂಚಿನಲ್ಲಿ ಒಂದು ಇಂಚು ಆಟ, ಅಂದರೆ ಚಕ್ರ ತಿರುಗದೆ ವೀಲ್ ಮಾತ್ರ ಅಲ್ಲಾಡುವ ಸಡಿಲ, ಇರುವುದಕ್ಕೂ ನಾಲ್ಕು ಬೆರಳಗಲ ಇರುವುದಕ್ಕೂ ಎಷ್ಟು ದೂರ ಎಂಬುದು ನಾಲೆ ಏರಿಯ ಮೇಲೆ ಗೊತ್ತಾಗುತ್ತದೆ. ಒಂದು ಮಗ್ಗುಲಿಗೆ ವಿಶ್ವೇಶ್ವರಯ್ಯ ನಾಲೆಯ ನೀರು, ಇನ್ನೊಂದು ಮಗ್ಗುಲಿಗೆ ಕೆಳಗೆ ಕಬ್ಬಿನ ಗದ್ದೆ, ಎದುರಿಗೆ ಹೇರು ತುಂಬಿದ ಟ್ರ್ಯಾಕ್ಟರ್.

ಇಲ್ಲಿ ಹೇಳುವುದೆಲ್ಲ ಹಳೆಯ ಸಿಜೆ-3ಬಿ ತರಹದ ಜೀಪುಗಳಿಗೆ. ವಿಲ್ಲೀಸ್ ಕಂಪನಿ 1953ರಲ್ಲಿ ತಂದ ಎತ್ತರದ ಬಾನೆಟ್ಟಿನ ಮಾದರಿ ಇದು. ಮಹೀಂದ್ರ ಅದನ್ನೇ ಲೈಸೆನ್ಸ್ ಪಡೆದು ಬಹಳ ಕಾಲ ನಮ್ಮಲ್ಲಿ ಮಾಡಿತು. ರೇಡಿಯೇಟರಿನ ಕೆಳಗೆ ಅಡ್ಡ ಚಾಸಿಯಲ್ಲಿ ಬೆಲ್ ಕ್ರ್ಯಾಂಕ್ (ಎಳೆತದ ದಿಕ್ಕು ಬದಲಿಸುವ ತಿರುಗುವ ತೋಳು) ಇದ್ದು, ಅದರಿಂದ ಎರಡು ಟೈ ರಾಡ್ (ಚಕ್ರ ತಿರುಗಿಸುವ ಸರಳು) ಎರಡು ಚಕ್ರಕ್ಕೆ ಹೋಗಿದ್ದರೆ ನಿಮ್ಮದು ಈ ಜಾತಿ. ಪವರ್ ಸ್ಟೇರಿಂಗ್ ಕೂರಿಸಿದ ಗಾಡಿಯವರಿಗೆ ಈ ಬರಹದಿಂದ ಉಪಯೋಗ ಕಡಿಮೆ. ಅಂಬಾಸಿಡರ್‌ನದು ರ‍್ಯಾಕ್ ಮತ್ತು ಪಿನಿಯನ್. ಅದರ ಲೆಕ್ಕವೇ ಬೇರೆ.

ಜೀಪಿನಲ್ಲಿ ಕಾಲಮ್ (ವೀಲಿನಿಂದ ಇಳಿಯುವ ಕಂಬ) ಬೇರೆ, ಬಾಕ್ಸ್ (ಅದರ ಬುಡದ ಸ್ಟೇರಿಂಗ್ ಗೇರ್ ಪೆಟ್ಟಿಗೆ) ಬೇರೆ ಎಂದು ಎರಡಿಲ್ಲ. ಸ್ಟೇರಿಂಗ್ ವೀಲಿನಿಂದ ಇಳಿಯುವ ಟ್ಯೂಬಿನ ಕೆಳತುದಿಯಲ್ಲೇ ಕ್ಯಾಮ್, ಅಂದರೆ ಸುರುಳಿ ಕಾಲುವೆ ಕೊರೆದ ಉಕ್ಕಿನ ತುಂಡು, ಕೂತಿರುತ್ತದೆ. ನಡುವೆ ಜಾಯಿಂಟ್ ಇಲ್ಲ, ರಬ್ಬರ್ ಇಲ್ಲ. ಹೊರಗೆ ಕಾಣುವ ಪೈಪು ಬರೀ ಜಾಕೆಟ್. ಅದರ ಬುಡ ಬಾಕ್ಸಿನ ಮೇಲಿನ ಮುಚ್ಚಳದ ಕುತ್ತಿಗೆಗೆ ಕ್ಲ್ಯಾಂಪ್ ಆಗಿರುತ್ತದೆ, ಮೇಲ್ಭಾಗ ಡ್ಯಾಶ್ ಬೋರ್ಡಿನ ಕೆಳಗೆ ಇನ್ನೊಂದು ಕ್ಲ್ಯಾಂಪಿನಲ್ಲಿ. ಒಳಗಿನ ಟ್ಯೂಬಿಗೆ ಆಧಾರ ಎರಡೇ ಕಡೆ: ವೀಲಿನ ಕೆಳಗಿರುವ ಮೇಲಿನ ಬೇರಿಂಗ್, ಮತ್ತು ಬಾಕ್ಸಿನೊಳಗೆ ಕ್ಯಾಮಿನ ಎರಡು ತುದಿಯ ಗುಂಡುಗಳು. ಕ್ಯಾಮಿನ ಕಾಲುವೆಯಲ್ಲಿ ಲಿವರ್ ಶಾಫ್ಟಿನ ಎರಡು ಮೊನಚು ಪಿನ್ ಓಡಾಡುತ್ತವೆ, ಶಾಫ್ಟಿನ ಹೊರತುದಿಯಲ್ಲಿ ಡ್ರಾಪ್ ಆರ್ಮ್ ಎಂಬ ತೋಳು. ಅಲ್ಲಿಂದ ಬೆಲ್ ಕ್ರ್ಯಾಂಕಿಗೆ ಹೋಗುವ ಸರಳೇ ಡ್ರ್ಯಾಗ್ ಲಿಂಕ್. ಟ್ಯೂಬು ಹೀಗೆ ಉದ್ದಕ್ಕೂ ಒಂದೇ ಆಗಿರುವುದರಿಂದ ಮೇಲೆ ಡ್ಯಾಶ್ ಹತ್ತಿರ ಕಾಲು ಇಂಚು ಪಕ್ಕಕ್ಕೆ ಎಳೆದು ಬಿಗಿ ಮಾಡಿದರೆ ಆ ಒತ್ತಡ ನೇರವಾಗಿ ಕ್ಯಾಮಿನ ಬೇರಿಂಗಿಗೆ ಹೋಗುತ್ತದೆ. ಹೊಸ ಕ್ಯಾಮ್, ಹೊಸ ಪಿನ್, ಹೊಸ ಬುಷ್ ಹಾಕಿದ ಮೇಲೂ 'ಸ್ಟೇರಿಂಗ್ ಕಲ್ಲಿನಂಗೈತೆ' ಎಂದು ವಾಪಸ್ ಬರುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಬಿಚ್ಚುವ ಮೊದಲು ಆಟ ಎಲ್ಲಿದೆ ಎಂದು ಹುಡುಕಿ. ಗಾಡಿ ಸಮನೆಲದಲ್ಲಿ, ಚಕ್ರ ನೆಲದ ಮೇಲೆ, ಎಂಜಿನ್ ಬಂದ್. ಒಬ್ಬರು ಮೇಲೆ ಕೂತು ವೀಲನ್ನು ಎಡಕ್ಕೂ ಬಲಕ್ಕೂ ಸಣ್ಣಗೆ ಅಲ್ಲಾಡಿಸುತ್ತಿರಲಿ. ಜೋರಾಗಿ ಬೇಡ, ಬಿಗಿ ಸಿಗುವಲ್ಲಿಗೆ ನಿಲ್ಲಿಸಿ ವಾಪಸ್ ಬರಲಿ. ಇನ್ನೊಬ್ಬರು ಮೇಲಿನಿಂದ ಕೆಳಕ್ಕೆ ಒಂದೊಂದೇ ಜೋಡಣೆಯ ಮೇಲೆ ಬೆರಳಿಟ್ಟು ನೋಡುತ್ತಾ ಹೋಗಬೇಕು. ಕಣ್ಣಿಗಿಂತ ಬೆರಳು ಚುರುಕು. ಟ್ಯೂಬ್ ತಿರುಗಿದ ಕೂಡಲೇ ಡ್ರಾಪ್ ಆರ್ಮ್ ಅಲುಗುತ್ತಿದೆಯೇ? ಹಾಗಿದ್ದರೆ ಬಾಕ್ಸ್ ಪರವಾಗಿಲ್ಲ, ಆಟ ಮುಂದೆಲ್ಲೋ ಇದೆ. ಡ್ರಾಪ್ ಆರ್ಮ್ ಅಲುಗಿ ಡ್ರ್ಯಾಗ್ ಲಿಂಕ್ ಅಲುಗದಿದ್ದರೆ ಲಿಂಕಿನ ತುದಿಯ ಬಾಲ್ ಸೀಟು (ಗುಂಡು ಕೂರುವ ಬಟ್ಟಲು) ಸವೆದಿದೆ. ಡ್ರ್ಯಾಗ್ ಲಿಂಕ್ ಸರಿಯಾಗಿ ಎಳೆದು ಬೆಲ್ ಕ್ರ್ಯಾಂಕ್ ಮೊದಲು ವಾಲಿಕೊಂಡು ಆಮೇಲೆ ತಿರುಗಿದರೆ ಕಳ್ಳ ಅಲ್ಲೇ ಇದ್ದಾನೆ. ಗದ್ದೆ ಕೆಸರಿಗೆ ಇಳಿಯುವ ಗಾಡಿಗಳಲ್ಲಿ ಬೆಲ್ ಕ್ರ್ಯಾಂಕಿನ ಸೂಜಿ ಬೇರಿಂಗ್ ಬೇಗ ಹಾಳಾಗುತ್ತದೆ: ಸೀಲಿನ ಪಕ್ಕದಿಂದ ಮಣ್ಣು ನೀರು ಒಳಗೆ ಹೋಗಿ ಗ್ರೀಸು ಹಿಟ್ಟಾಗುತ್ತದೆ. ಅದನ್ನು ನೋಡದೆ ಬಾಕ್ಸಿನ ಸ್ಕ್ರೂ ತಿರುವಿದರೆ ಬಾಕ್ಸೂ ಹಾಳು, ಆಟವೂ ಹಾಗೇ.

ಇದೇ ಹೊತ್ತಿನಲ್ಲಿ ಬಾಕ್ಸ್ ಕೂತಿರುವ ಚಾಸಿಯನ್ನೂ ನೋಡಿ. ವೀಲ್ ಅಲ್ಲಾಡಿಸುವಾಗ ಬಾಕ್ಸೇ ಚಾಸಿಯ ಮೇಲೆ ಕೂದಲೆಳೆಯಷ್ಟು ಜರುಗಿದರೂ ಅಂಚಿನಲ್ಲಿ ಹೊಸ ತುಕ್ಕಿನ ಪುಡಿ ಗೆರೆಯಂತೆ ಕಾಣುತ್ತದೆ. ಬೋಲ್ಟ್ ಸಡಿಲವಾಗಿರಬಹುದು, ತೂತು ಅಗಲವಾಗಿರಬಹುದು, ಇಲ್ಲವೇ ಚಾಸಿಯೇ ಬಿರುಕು ಬಿಟ್ಟಿರಬಹುದು. ವೈರ್ ಬ್ರಷ್‌ನಲ್ಲಿ ಪೇಂಟ್ ಉಜ್ಜಿ, ಸೀಮೆಎಣ್ಣೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದರೆ ಬಿರುಕಿದ್ದಲ್ಲಿ ಎಣ್ಣೆ ಗೆರೆಯಾಗಿ ಮೂಡುತ್ತದೆ. ಚಾಸಿಗೆ ವೆಲ್ಡಿಂಗ್ ಮಾಡಿಸಬಹುದು, ಒಳಗಿನಿಂದ ಪ್ಲೇಟ್ ಕೊಟ್ಟು. ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಸ್ಟೇರಿಂಗ್ ಟ್ಯೂಬ್ ಈ ಮೂರಕ್ಕೆ ಮಾತ್ರ ವೆಲ್ಡಿಂಗ್ ಬೇಡ, ಕಾಯಿಸಿ ನೆಟ್ಟಗೆ ಮಾಡುವುದೂ ಬೇಡ. 'ಏನೂ ಆಗಲ್ಲ, ನೂರು ಗಾಡಿಗೆ ಮಾಡಿದ್ದೀನಿ' ಅಂದವರಿಗೆ ಕೈ ಮುಗಿದು ಬನ್ನಿ.

ಸ್ಟೇರಿಂಗ್ ಗಟ್ಟಿ ಎಂಬ ದೂರಿದ್ದರೆ ದಾರಿ ಇನ್ನೂ ಸುಲಭ. ಡ್ರ್ಯಾಗ್ ಲಿಂಕನ್ನು ಡ್ರಾಪ್ ಆರ್ಮಿನಿಂದ ಬಿಡಿಸಿ ವೀಲ್ ತಿರುಗಿಸಿ. ಹಗುರಾಯಿತೇ? ಹಾಗಾದರೆ ಗಟ್ಟಿ ಇರುವುದು ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು), ಟೈ ರಾಡ್, ಬೆಲ್ ಕ್ರ್ಯಾಂಕ್ ಕಡೆ, ಕಾಲಮ್ ಮುಟ್ಟಬೇಡಿ. ಈಗಲೂ ಗಟ್ಟಿ ಎಂದರೆ ಡ್ಯಾಶ್ ಕೆಳಗಿನ ಕ್ಲ್ಯಾಂಪಿನ ಬೋಲ್ಟ್ ಸಡಿಲ ಮಾಡಿ ಮತ್ತೆ ತಿರುಗಿಸಿ. ಸಡಿಲ ಮಾಡಿದ ಕೂಡಲೇ ಕಾಲಮ್ ಟಕ್ಕನೆ ಪಕ್ಕಕ್ಕೋ ಮೇಲಕ್ಕೋ ನೆಗೆದು, ವೀಲ್ ಎರಡು ಬೆರಳಲ್ಲಿ ತಿರುಗಿದರೆ ಅರ್ಧ ರಿಪೇರಿ ಆದಂತೆಯೇ. ಆಗಲೂ ಬಗ್ಗದಿದ್ದರೆ ಬಾಕ್ಸ್ ಬಿಚ್ಚಲೇಬೇಕು.

ಬಿಚ್ಚುವಾಗ ಮೊದಲು ಬ್ಯಾಟರಿಯ ಅರ್ತ್ ಕೇಬಲ್ ತೆಗೆಯಿರಿ. ಹಾರನ್ ತಂತಿ ಕಾಲಮ್ ಒಳಗೇ ಹೋಗುತ್ತದೆ. ತೆಗೆಯದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ ನೀವು ರಿಪೇರಿ ಮಾಡುತ್ತಿರುವುದು. ಚಕ್ರ ನೆಟ್ಟಗಿಟ್ಟು ವೀಲಿನ ಬಾಸ್ ಮೇಲೂ ಶಾಫ್ಟಿನ ತುದಿಯ ಮೇಲೂ ಒಂದೇ ಗೆರೆಯಲ್ಲಿ ಪಂಚ್ ಗುರುತು ಹೊಡೆಯಿರಿ. ಡ್ರಾಪ್ ಆರ್ಮಿಗೂ ಅದರ ಶಾಫ್ಟಿಗೂ ಹಾಗೆಯೇ. ಪೇಂಟಿನ ಗುರುತು ಡೀಸೆಲ್‌ನಲ್ಲಿ ತೊಳೆದಾಗ ಹೋಗುತ್ತದೆ, ಪಂಚ್ ಹೋಗುವುದಿಲ್ಲ. ವೀಲ್ ತೆಗೆಯಲು ಪುಲ್ಲರ್ (ಸ್ಕ್ರೂ ತಿರುವಿ ಎಳೆದು ಬಿಡಿಸುವ ಸಾಧನ) ಬೇಕೇಬೇಕು. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಹಲ್ಲು ಸಡಿಲಿಸಿ ಪುಲ್ಲರ್ ಹಾಕಿ, ಬಿಟ್ಟುಕೊಂಡಾಗ ವೀಲ್ ಮುಖಕ್ಕೆ ಬರದಿರಲಿ ಎಂದು. ಕೆಳಗಿನಿಂದ ವೀಲಿಗೆ, ಮೇಲಿನಿಂದ ಶಾಫ್ಟಿಗೆ ಸುತ್ತಿಗೆ ಏಟು ಕೊಡುವ ರೂಢಿ ನಮ್ಮಲ್ಲಿ ಬಹಳ. ಆ ಏಟು ತಿನ್ನುವುದು ಕ್ಯಾಮಿನ ಕೆಳಗಿನ ಗುಂಡುಗಳು. ರೇಸಿನಲ್ಲಿ (ಗುಂಡು ಓಡುವ ದಾರಿಯಲ್ಲಿ) ಗುಂಡಿನಷ್ಟೇ ಅಗಲದ ಕುಳಿ ಬೀಳುತ್ತದೆ. ಆಮೇಲೆ ವೀಲ್ ತಿರುಗಿಸಿದಾಗ ಕೈಗೆ ಟಕ್ ಟಕ್ ಎಂದು ಎಡವಿದ ಹಾಗಾಗುವುದು ಈ ಕುಳಿಯಿಂದಲೇ.

ಡ್ರಾಪ್ ಆರ್ಮಿಗೂ ಪುಲ್ಲರೇ. ಡ್ರ್ಯಾಗ್ ಲಿಂಕ್ ತುದಿಯ ಪ್ಲಗ್, ಸ್ಪ್ರಿಂಗ್, ಸೀಟು ಇವುಗಳ ಸಾಲು ಎರಡು ತುದಿಗೆ ಒಂದೇ ತರಹ ಇರುವುದಿಲ್ಲ. ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿ ಫೋಟೋ ತೆಗೆದುಕೊಳ್ಳಿ. ನೆಲದ ತಗಡು, ಜಾಕೆಟ್ ಬಿಡಿಸಿದ ಮೇಲೆ ಬಾಕ್ಸಿನ ಚಾಸಿ ಬೋಲ್ಟ್. ಟ್ಯೂಬ್ ಉದ್ದವಿರುವುದರಿಂದ ಗಾಡಿಯ ಮುಂಭಾಗವನ್ನು ಚೆನ್ನಾಗಿ ಎತ್ತಿ ಕೆಳಗಿನಿಂದ ಇಳಿಸಬೇಕು, ಇಲ್ಲವೇ ಆ ಕಡೆಯ ಮಡ್ ಗಾರ್ಡ್ ತೆಗೆಯಬೇಕು. ಮಡ್ ಗಾರ್ಡ್ ತೆಗೆಯುವುದು ಒಂದು ಗಂಟೆ ಹೆಚ್ಚಿನ ಕೆಲಸ ಎನಿಸಿದರೂ ಟ್ಯೂಬ್ ಬಗ್ಗುವ ಭಯ ಇರುವುದಿಲ್ಲ.

ಒಳಗೆ ಕ್ಯಾಮಿನ ಎರಡು ತುದಿಯಲ್ಲೂ ಬಿಡಿ ಗುಂಡುಗಳು. ಅಗಲವಾದ ತಟ್ಟೆಯ ಮೇಲೆ ಬಿಚ್ಚಿ, ಎರಡು ಕಡೆಯವನ್ನೂ ಬೇರೆ ಬೇರೆ ಎಣಿಸಿ ಬರೆದಿಡಿ. ಒಂದು ಗುಂಡು ಸವೆದಿದ್ದರೂ ಅಷ್ಟನ್ನೂ ಹೊಸದು ಹಾಕಬೇಕು, ಮೈಕ್ರೋಮೀಟರ್ ಇಟ್ಟು ಒಂದೇ ಅಳತೆಯವನ್ನು ಆರಿಸಿ. ದೊಡ್ಡ ಗುಂಡು ಒಂದೇ ಒಂದು ಸೇರಿಕೊಂಡರೂ ಭಾರವೆಲ್ಲ ಅದರ ಮೇಲೆ. ಲಿವರ್ ಶಾಫ್ಟಿನ ಮೊನಚು ಪಿನ್ನುಗಳ ಪಕ್ಕದಲ್ಲಿ ಚಪ್ಪಟೆಯಾಗಿದ್ದರೆ ಶಾಫ್ಟ್ ಬದಲಿಸಿ. ಕ್ಯಾಮಿನ ಕಾಲುವೆಯ ನಡುಭಾಗಕ್ಕೆ ಉಗುರು ಎಳೆದು ನೋಡಿ. ಅಲ್ಲಿ ಸಿಪ್ಪೆ ಎದ್ದಿದ್ದರೆ, ಗುಳಿ ಬಿದ್ದಿದ್ದರೆ ಕ್ಯಾಮ್ ಮತ್ತು ಟ್ಯೂಬ್ ಜೊತೆಯಾಗೇ ಹೊಸದು ತರಬೇಕು, ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ವಿಚಾರಿಸಿದರೆ ಸಿಗುತ್ತದೆ. ಹಳೆಯ ಕ್ಯಾಮಿಗೆ ಟ್ಯೂಬ್ ಕತ್ತರಿಸಿ ಜೋಡಿಸಿದ ಮಾಲನ್ನು ಪೇಂಟ್ ಹೊಡೆದು ಹೊಸದೆಂದು ಕೊಡುವುದುಂಟು. ಟ್ಯೂಬಿನ ಬುಡದಲ್ಲಿ ಪೇಂಟ್ ಕೆರೆದು ನೋಡಿಯೇ ದುಡ್ಡು ಕೊಡಿ. ಶಾಫ್ಟಿನ ಬುಷ್ಷುಗಳನ್ನು ಒತ್ತಿ ಕೂರಿಸಿದ ಮೇಲೆ ಎರಡಕ್ಕೂ ಒಂದೇ ಸಲಕ್ಕೆ ರೀಮರ್ (ತೂತನ್ನು ಸರಿಯಾದ ಅಳತೆಗೆ ಕೆರೆಯುವ ಸಾಧನ) ಹಾಯಿಸಬೇಕು. ಬಿಡಿಬಿಡಿಯಾಗಿ ಲೇತಿನಲ್ಲಿ ಕೊರೆಸಿ ಕೂರಿಸಿದರೆ ಎರಡರ ನೇರ ತಪ್ಪಿ ಶಾಫ್ಟ್ ಹಿಡಿಯುತ್ತದೆ.

ಈಗ ಅಡ್ಜಸ್ಟ್‌ಮೆಂಟ್. ಇಲ್ಲಿ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೊದಲು ಕ್ಯಾಮಿನ ಬೇರಿಂಗ್, ಆಮೇಲೆ ಪಿನ್ನಿನ ಸ್ಕ್ರೂ.

ಕ್ಯಾಮಿನ ಬೇರಿಂಗಿನ ಬಿಗಿ ಮೇಲಿನ ಮುಚ್ಚಳದ ಕೆಳಗಿರುವ ಶಿಮ್ಮುಗಳಿಂದ (ಅಳತೆಯ ತೆಳು ತಗಡುಗಳಿಂದ). ಮೂಲದಲ್ಲಿ ಬರುವ ದಪ್ಪಗಳು 2 ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ), 3 ಥೌ, 10 ಥೌ. ಅಂದರೆ ಸುಮಾರು 0.05, 0.08, 0.25 ಮಿಲಿಮೀಟರ್. ಪಿನ್ನಿನ ಸ್ಕ್ರೂವನ್ನು ಪೂರ್ತಿ ಹಿಂದಕ್ಕೆ ತಿರುವಿ, ಪಿನ್ ಕ್ಯಾಮನ್ನು ಒತ್ತದ ಹಾಗೆ ಮಾಡಿ. ವೀಲ್ ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದರೆ ಟ್ಯೂಬ್ ಎದ್ದು ಕೂತರೆ ಶಿಮ್ ಜಾಸ್ತಿ ಇದೆ. 2 ಥೌ ಒಂದನ್ನು ತೆಗೆದು ಮುಚ್ಚಳ ಸುತ್ತಲೂ ಸಮನಾಗಿ ಬಿಗಿಮಾಡಿ ಮತ್ತೆ ನೋಡಿ. ಏಳುವುದು ನಿಂತು, ಹೆಬ್ಬೆರಳು ತೋರುಬೆರಳಲ್ಲಿ ವೀಲ್ ಸಲೀಸಾಗಿ ತಿರುಗುತ್ತಾ, ಸಣ್ಣ ಹಿಡಿತವೊಂದು ಕೈಗೆ ತಿಳಿಯಬೇಕು. ಅಷ್ಟೇ ಸಾಕು. ಬಾಕ್ಸ್ ಗಾಡಿಯಲ್ಲಿರುವಾಗಲೇ ಈ ಕೆಲಸ ಮಾಡುವವರು ಜಾಕೆಟ್ ಮೇಲೆತ್ತಿ, ಮುಚ್ಚಳ ಎತ್ತಿ ಶಿಮ್ಮನ್ನು ಕತ್ತರಿಸಿ ಈಚೆಗೆ ಎಳೆಯುತ್ತಾರೆ. ಅದು ಸರಿಯಾದ ವಿಧಾನವೇ. ಆದರೆ ಹೆಚ್ಚು ತೆಗೆದುಬಿಟ್ಟರೆ ಮತ್ತೆ ಹಾಕಲು ವೀಲ್ ತೆಗೆದು ಟ್ಯೂಬಿನ ಮೇಲಿನಿಂದಲೇ ಶಿಮ್ ಇಳಿಸಬೇಕು. ಕತ್ತರಿಸಿದ ಶಿಮ್ಮನ್ನೇ ಒಳಗೆ ತುರುಕಿದರೆ ಅದರ ತುದಿ ಮಡಚಿಕೊಂಡು ಮುಚ್ಚಳ ಓರೆಯಾಗುತ್ತದೆ. ಹೊಸ ಶಿಮ್ ಸಿಗದಿದ್ದರೆ ಹಿತ್ತಾಳೆ ಶಿಮ್ ಹಾಳೆ ತಂದು ಹಳೆಯದನ್ನೇ ಅಚ್ಚಾಗಿಟ್ಟು ಕತ್ತರಿಸಬಹುದು. ಪೇಪರ್ ಗ್ಯಾಸ್ಕೆಟ್ ಬೇಡ: ಇಂದು 10 ಥೌ ಇದ್ದದ್ದು ಬಿಗಿಮಾಡಿ ನಾಲ್ಕು ದಿನ ಓಡಿದ ಮೇಲೆ ಅಷ್ಟೇ ಇರುವುದಿಲ್ಲ.

ಇನ್ನು ಪಿನ್ನಿನ ಸ್ಕ್ರೂ, ಪಕ್ಕದ ಮುಚ್ಚಳದಲ್ಲಿ ಲಾಕ್ ನಟ್ ಸಮೇತ ಇರುವುದು. ವೀಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಎಣಿಸಿ, ಅದರ ಅರ್ಧಕ್ಕೆ ವಾಪಸ್ ತಂದು ನಿಲ್ಲಿಸಿ. ಅದೇ ನಡು. ಸ್ಕ್ರೂ ಬಿಗಿಮಾಡಬೇಕಾದ್ದು ಅಲ್ಲಿ ಮಾತ್ರ. ಕಾರಣ ಕ್ಯಾಮಿನಲ್ಲೇ ಇದೆ: ನೇರ ಓಟದಲ್ಲಿ ಆಟ ಕಡಿಮೆ ಇರಲಿ ಎಂದು ಕಾಲುವೆಯನ್ನು ನಡುವಿನಲ್ಲಿ ಬೇಕೆಂದೇ ಆಳ ಕಡಿಮೆ ಇಟ್ಟು ಕೊರೆದಿರುತ್ತಾರೆ, ತುದಿಗಳ ಕಡೆಗೆ ಸಡಿಲ. ಚಕ್ರ ತಿರುಗಿಸಿಟ್ಟು ಅಲ್ಲಿ ಆಟ ತೆಗೆದರೆ ನೇರಕ್ಕೆ ಬಂದಾಗ ಪಿನ್ ಕಚ್ಚಿಕೊಳ್ಳುತ್ತದೆ. ನಡುವಿನಲ್ಲಿ ತುಸು ಹಿಡಿತ ಸಿಗುವವರೆಗೆ ಸ್ಕ್ರೂ ಒಳಗೆ ತಿರುವಿ, ಸ್ಕ್ರೂಡ್ರೈವರಿನಲ್ಲಿ ಅದನ್ನು ಹಿಡಿದುಕೊಂಡೇ ಲಾಕ್ ನಟ್ ಬಿಗಿಮಾಡಿ. ಬಿಗಿಮಾಡಿದ ಮೇಲೆ ಮತ್ತೊಮ್ಮೆ ಕೊನೆಯಿಂದ ಕೊನೆಗೆ ತಿರುಗಿಸಿ: ನಡುವೆ ಸ್ವಲ್ಪ ಹಿಡಿತ, ಎರಡು ಕಡೆ ಹಗುರ. ಇದಕ್ಕೆ ಉಲ್ಟಾ, ನಡುವೆ ಹಗುರ ಪಕ್ಕಕ್ಕೆ ಗಟ್ಟಿ ಎಂದರೆ ಕ್ಯಾಮಿನ ನಡುಭಾಗ ಸವೆದುಹೋಗಿದೆ. ಯಾವ ಸ್ಕ್ರೂವೂ ಅದನ್ನು ಸರಿಮಾಡದು.

ಬಾಕ್ಸಿಗೆ ಎಣ್ಣೆ ಇಪಿ 90 (ಗೇರ್ ಎಣ್ಣೆ), ಫಿಲ್ಲರ್ ಪ್ಲಗ್ಗಿನ ಮಟ್ಟಕ್ಕೆ. ಸೀಲ್ ಸೋರುತ್ತದೆ ಎಂದು ಗ್ರೀಸ್ ತುಂಬುವ ಚಾಳಿ ಬಿಡಿ. ಕ್ಯಾಮ್ ಎರಡು ಸಲ ತಿರುಗಿದರೆ ಗ್ರೀಸಿನಲ್ಲಿ ತನ್ನ ಅಳತೆಗೆ ಒಂದು ದಾರಿ ಕೊರೆದುಕೊಳ್ಳುತ್ತದೆ, ಪಕ್ಕಕ್ಕೆ ಸರಿದ ಗ್ರೀಸು ವಾಪಸ್ ಬರುವುದಿಲ್ಲ. ತುಂಬ ಗ್ರೀಸ್ ಇದ್ದೂ ಕ್ಯಾಮ್ ಒಣಗಿಕೊಂಡೇ ಓಡುತ್ತದೆ. ಸೀಲ್ ಬದಲಿಸಿದರೂ ಸೋರಿದರೆ ಬುಷ್ ಸವೆದು ಶಾಫ್ಟ್ ಅಲ್ಲಾಡುತ್ತಿದೆ ಎಂದರ್ಥ.

ವಾಪಸ್ ಕೂರಿಸುವುದೇ ನಿಜವಾದ ಪರೀಕ್ಷೆ. ಬಾಕ್ಸಿನ ಚಾಸಿ ಬೋಲ್ಟುಗಳನ್ನು ಕೈಯಲ್ಲಿ ತಿರುವಿ ನಿಲ್ಲಿಸಿ. ಡ್ಯಾಶ್ ಕ್ಲ್ಯಾಂಪನ್ನು ಹಾಕಿ, ಬಿಗಿಮಾಡಬೇಡಿ. ವೀಲನ್ನು ನಾಲ್ಕಾರು ಸಲ ಕೊನೆಯಿಂದ ಕೊನೆಗೆ ತಿರುಗಿಸಿ, ಕಾಲಮ್ ತನಗೆ ಬೇಕಾದ ಜಾಗ ತಾನೇ ಹುಡುಕಿಕೊಳ್ಳಲಿ. ಈಗ ಚಾಸಿ ಬೋಲ್ಟುಗಳನ್ನು ಪೂರ್ತಿ ಬಿಗಿಮಾಡಿ. ಆಮೇಲೆ ಡ್ಯಾಶ್ ಕ್ಲ್ಯಾಂಪ್ ಹತ್ತಿರ ಬಗ್ಗಿ ನೋಡಿ: ಜಾಕೆಟ್ ಬ್ರಾಕೆಟ್ಟಿನ ನಡುವೆ ನೆಟ್ಟಗೆ ಕೂತಿದೆಯೇ, ಪಕ್ಕಕ್ಕೆ ವಾಲಿದೆಯೇ? ವಾಲಿದ್ದರೆ ಜಗ್ಗಿ ತಂದು ಬೋಲ್ಟ್ ಹಾಕಬೇಡಿ. ಬ್ರಾಕೆಟ್ಟಿನ ತೂತನ್ನು ಅರದಲ್ಲಿ ಉದ್ದ ಮಾಡಿ, ಇಲ್ಲವೇ ವಾಷರ್ ಕೊಟ್ಟು ಬ್ರಾಕೆಟ್ಟನ್ನೇ ಕಾಲಮ್ ಇರುವಲ್ಲಿಗೆ ತನ್ನಿ. ಬಾಡಿ ಬದಲಾದ ಜೀಪುಗಳಲ್ಲಿ, ಬಾಡಿ ಕೆಳಗಿನ ರಬ್ಬರ್ ಕುಸಿದಿರುವ ಜೀಪುಗಳಲ್ಲಿ ಈ ವ್ಯತ್ಯಾಸ ಇದ್ದೇ ಇರುತ್ತದೆ: ಬಾಕ್ಸ್ ಇರುವುದು ಚಾಸಿಯ ಮೇಲೆ, ಡ್ಯಾಶ್ ಇರುವುದು ಬಾಡಿಯಲ್ಲಿ. ಬಾಡಿ ಅರ್ಧ ಇಂಚು ಇಳಿದರೆ ಕಾಲಮ್ಮಿನ ತಲೆಯನ್ನೂ ಜಗ್ಗುತ್ತದೆ. ಅದಕ್ಕೇ ಬಾಡಿ ರಬ್ಬರ್ ಬದಲಿಸುವ ಯೋಚನೆ ಇದ್ದರೆ ಸ್ಟೇರಿಂಗ್‌ಗಿಂತ ಮೊದಲು ಮಾಡಿ. ಕ್ಲ್ಯಾಂಪ್ ಬಿಗಿಮಾಡುವಾಗ ಒಂದು ಕೈ ವೀಲ್ ಮೇಲಿರಲಿ. ಬೋಲ್ಟ್ ಕಾಲು ಸುತ್ತು ತಿರುಗಿದಾಗ ವೀಲಿನ ಹಿಡಿತ ಬದಲಾದರೆ ಅಲ್ಲಿಗೇ ನಿಲ್ಲಿಸಿ.

ಮೇಲಿನ ಬೇರಿಂಗ್ ಬಗ್ಗೆ ಒಂದು ಮಾತು. ಮೂಲದಲ್ಲಿ ಅಲ್ಲಿ ಬಾಲ್ ಬೇರಿಂಗ್, ಅದರ ಮೇಲೆ ಸೀಟು, ಸ್ಪ್ರಿಂಗ್. ಅದು ಸಿಗದೆ ಲೇತಿನಲ್ಲಿ ನೈಲಾನ್ ಬುಷ್ ತಿರುವಿಸಿ ಹಾಕುವುದು ಇಲ್ಲಿ ಸಾಮಾನ್ಯ, ಕೆಲಸವೂ ಆಗುತ್ತದೆ. ಆದರೆ ಹಾರನ್ ಗುಂಡಿ ಒತ್ತಿದಾಗ ತಂತಿಗೆ ಅರ್ತ್ ಸಿಗುವುದು ಸ್ಟೇರಿಂಗ್ ಟ್ಯೂಬಿನ ಮೂಲಕ. ಮೇಲೆ ನೈಲಾನ್ ಬಂದಾಗ ಉಳಿಯುವ ದಾರಿ ಕೆಳಗಿನ ಗುಂಡು, ಪಿನ್ನು, ಎಣ್ಣೆಯ ಪದರ ಇಷ್ಟೇ. ಹಾರನ್ ಒಮ್ಮೆ ಹೊಡೆದು ಒಮ್ಮೆ ಹೊಡೆಯದೆ ಇರುವುದು ಆಗ. ಹಾರನ್ ಬದಲಿಸಿ, ರಿಲೇ ಬದಲಿಸಿ, ಎಲೆಕ್ಟ್ರಿಷಿಯನ್‌ಗೆ ಬೈದು ಪ್ರಯೋಜನವಿಲ್ಲ. ಗನ್ ಮೆಟಲ್ ಬುಷ್ ಹಾಕಿಸಿ, ಇಲ್ಲವೇ ಟ್ಯೂಬಿಗೆ ತಾಗುವ ಹಾಗೆ ಹಿತ್ತಾಳೆ ಪಟ್ಟಿಯೊಂದನ್ನು ಜಾಕೆಟ್ಟಿಗೆ ಸೇರಿಸಿ.

ಡ್ರ್ಯಾಗ್ ಲಿಂಕ್ ಪ್ಲಗ್ಗನ್ನು ಬಾಲ್‌ಗೆ ತಾಗುವಷ್ಟು ಬಿಗಿಮಾಡಿ, ಅರ್ಧದಿಂದ ಒಂದು ಸುತ್ತು ಹಿಂದಕ್ಕೆ ತಂದು, ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೆಯ ಸ್ಪ್ಲಿಟ್ ಪಿನ್ನಿಗೆ ಎರಡನೇ ಸಲ ಕೆಲಸ ಕೊಡಬೇಡಿ. ಚಕ್ರ ನೆಟ್ಟಗಿದ್ದಾಗ ಬಾಕ್ಸ್ ಕೂಡ ತನ್ನ ನಡುವಿನಲ್ಲೇ ಇರಬೇಕು. ವೀಲಿನ ಕಡ್ಡಿ ಓರೆ ಬಂತೆಂದು ವೀಲ್ ಕಿತ್ತು ಒಂದು ಹಲ್ಲು ತಿರುಗಿಸಿ ಹಾಕಿದರೆ ನೋಡಲು ಚೆಂದ, ಆದರೆ ನೇರ ಓಟದಲ್ಲಿ ಪಿನ್ನು ಕ್ಯಾಮಿನ ಸಡಿಲ ಭಾಗದಲ್ಲಿ ಕೂತು ಆಟ ಹೆಚ್ಚುತ್ತದೆ. ತಿದ್ದಬೇಕಾದ್ದು ಟೈ ರಾಡುಗಳಲ್ಲಿ, ಬೆಲ್ ಕ್ರ್ಯಾಂಕ್ ನೆಟ್ಟಗಿಟ್ಟು, ಒಂದೊಂದು ಚಕ್ರವನ್ನೂ ಅದಕ್ಕೆ ಸರಿಯಾಗಿ ತಂದು. ಟೋ ಇನ್ (ಮುಂದಿನ ಎರಡು ಚಕ್ರಗಳು ಮುಂದಕ್ಕೆ ತುಸು ಒಳಮುಖವಾಗಿರುವುದು) 3/64ರಿಂದ 3/32 ಇಂಚು, ಅಂದರೆ 1.2ರಿಂದ 2.4 ಮಿಲಿಮೀಟರ್. ಕಂಪ್ಯೂಟರ್ ಅಲೈನ್‌ಮೆಂಟ್ ಬೇಕೇ ಬೇಕು ಎಂದಿಲ್ಲ: ಚಕ್ರ ಎತ್ತಿ ತಿರುಗಿಸುತ್ತಾ ಟೈರಿನ ನಡುವೆ ಸುಣ್ಣದ ಪಟ್ಟಿಯ ಮೇಲೆ ಮೊಳೆಯಿಂದ ಗೆರೆ ಎಳೆದು, ಗಾಡಿ ಇಳಿಸಿ, ಆಕ್ಸಲ್ ಎತ್ತರದಲ್ಲಿ ಮುಂದೆ ಒಮ್ಮೆ ಹಿಂದೆ ಒಮ್ಮೆ ಅಳೆದರೆ ಆಯಿತು. ಮುಂದಿನ ಅಳತೆ ಅಷ್ಟು ಕಡಿಮೆ ಇರಬೇಕು.

ಗಾಡಿಯನ್ನು ಮೊದಲ ದಿನವೇ ಮೈಸೂರು ಬೆಂಗಳೂರು ಎಕ್ಸ್‌ಪ್ರೆಸ್‌ವೇಗೆ ಏರಿಸುವ ಆಸೆ ಬೇಡ. ಸಣ್ಣ ರಸ್ತೆಯಲ್ಲಿ ಇಪ್ಪತ್ತು ಮೂವತ್ತರ ವೇಗದಲ್ಲಿ ತಿರುವು ತೆಗೆದುಕೊಂಡು ವೀಲ್ ಸಡಿಲ ಬಿಟ್ಟು ನೋಡಿ, ಬೆರಳುಗಳು ಪಕ್ಕದಲ್ಲೇ ಇರಲಿ. ವೀಲ್ ತಾನಾಗಿ ನೇರಕ್ಕೆ ಬರಬೇಕು. ಬಾರದೆ ತಿರುವಿನಲ್ಲೇ ನಿಂತರೆ ಮತ್ತೆ ಡ್ರ್ಯಾಗ್ ಲಿಂಕ್ ಬಿಡಿಸಿ ಮೊದಲಿನ ಪರೀಕ್ಷೆಗೇ ಹೋಗಿ. ಗುಂಡಿ ದಾಟಿದಾಗ ಮುಂದಿನ ಚಕ್ರ ಗಡಗಡ ನಡುಗಿದರೆ ಅದು ಕಾಲಮ್ ಕೆಲಸದ ತಪ್ಪಲ್ಲ. ಕಿಂಗ್ ಪಿನ್ ಬೇರಿಂಗ್, ಚಕ್ರದ ಬೇರಿಂಗ್, 3 ಡಿಗ್ರಿ ಇರಬೇಕಾದ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ), ಎರಡು ಕಡೆ ಸಮ ಇಲ್ಲದ ಗಾಳಿ ಇವನ್ನು ನೋಡಬೇಕು. ಆ ನಡುಕ ನಿಲ್ಲಿಸಲು ಬಾಕ್ಸಿನ ಸ್ಕ್ರೂ ಬಿಗಿಮಾಡುವವರಿದ್ದಾರೆ. ನಡುಕ ಎರಡು ದಿನ ಅಡಗುತ್ತದೆ, ಮೂರನೇ ವಾರಕ್ಕೆ ಹೊಸ ಕ್ಯಾಮ್ ಹೋಗಿರುತ್ತದೆ.

ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಚಾಸಿ ಬೋಲ್ಟು, ಡ್ರಾಪ್ ಆರ್ಮ್ ನಟ್ಟು, ಪಿನ್ನಿನ ಲಾಕ್ ನಟ್ಟು ಮೂರಕ್ಕೂ ಒಮ್ಮೆ ಸ್ಪ್ಯಾನರ್ ಹಾಕಿ. ನಾಟಿ ಕಾಲದಲ್ಲಿ ಗದ್ದೆಗಿಳಿಯುವ ಗಾಡಿಯಾದರೆ ಬೆಲ್ ಕ್ರ್ಯಾಂಕಿನ ನಿಪ್ಪಲ್‌ಗೆ ವಾರಕ್ಕೊಮ್ಮೆ ಗ್ರೀಸ್, ಹಳೆಯ ಕೆಸರು ಗ್ರೀಸ್ ಪೂರ್ತಿ ಹೊರಗೆ ಬಂದು ಹೊಸ ಬಣ್ಣ ಕಾಣುವವರೆಗೆ.